ಎರಡನೇ ಗುಂಡಿ

ಶುಕ್ರವಾರ. ಮನಾಮದ ಪೇಟೆ ಇನ್ನೂ ಷಟರ್ ಎತ್ತಿಲ್ಲ.
ಊಟದ ಮೇಜಿನ ಮೇಲೆ ಬಿಳಿ ಟವೆಲು ಹಾಸಿ
ಸೆಲೆಸ್ತಿನ್ ಮಾವ್ಶಿಯ ಪೆಟ್ಟಿಗೆಯಿಂದ ಬಂದ ಫೋಟೋ ಇಡುತ್ತೇನೆ.
ಅಂಗೈಯಗಲದ ರಟ್ಟು. ಅಂಚಿನ ಚಿನ್ನದ ಗೆರೆ
ಮೂರು ಕಡೆ ಉಳಿದಿದೆ,
ನಾಲ್ಕನೆಯದನ್ನು ಗೆದ್ದಲು ಓದಿ ಮುಗಿಸಿದೆ.

ಕುರ್ಚಿಯಲ್ಲಿ ಕೂತವಳು ಯಾರು?
ನತಾಲಿಯಾ, ನಮ್ಮ ಮುತ್ತಜ್ಜಿ ಎನ್ನುತ್ತದೆ ನಮ್ಮ ಕಡೆ.
ಅಲ್ಲ, ಅಕ್ಕ ಅಪೊಲಿನ್, ತೊಂಬತ್ತೆಂಟರಲ್ಲಿ ಹೆರಿಗೆಗೆ ಹೋದವಳು
ಎನ್ನುತ್ತದೆ ಬಿಜೈಯ ಮನೆ.
ಈ ಒಂದು ಮಾತಿಗೆ ಎರಡು ಮದುವೆಗಳ ಕರೆಯೋಲೆ ತಪ್ಪಿದೆ.

ತೋಳು ನೋಡು, ಅನ್ನುತ್ತದೆ ಭೂತಗನ್ನಡಿ.
ಭುಜದಲ್ಲಿ ಪುಗ್ಗೆಯಂತೆ ಉಬ್ಬಿ
ಮೊಣಕೈಯಿಂದ ಕೆಳಗೆ ಬಿಗಿದ ರವಿಕೆ:
ವಿಕ್ಟೋರಿಯಾ ರಾಣಿಯ ಮುಪ್ಪಿನ ಕಾಲದ್ದು,
ತೊಂಬತ್ತೈದು, ಹೆಚ್ಚೆಂದರೆ ತೊಂಬತ್ತಾರು.
ಆಗ ನತಾಲಿಯಾಳಿಗೆ ಆರು ವರ್ಷ, ಮುಂದಿನ ಹಲ್ಲು ಬಿದ್ದಿತ್ತು.

ಆದರೆ ಲಂಡನ್ನಿನಲ್ಲಿ ಉಬ್ಬಿದ ತೋಳು
ಹಡಗು ಹತ್ತಿ ಬೊಂಬಾಯಿಗೆ, ಮಚ್ವೆ ಹತ್ತಿ ಮಂಗಳೂರಿಗೆ ಬಂದು
ಯಾವಳೋ ದೊರೆಸಾನಿ ಬಿಟ್ಟುಹೋದದ್ದನ್ನು
ದರ್ಜಿ ಹೊಲಿಗೆ ಬಿಚ್ಚಿ ಕಲಿಯುವ ಹೊತ್ತಿಗೆ
ಎಷ್ಟು ಮಳೆಗಾಲ ಆಗಿತ್ತು?
ಏಳು ಕೂಡಿಸಲೇ? ಹತ್ತು?

ರಟ್ಟು ತಿರುಗಿಸಿದರೆ ನೇರಳೆ ಅಕ್ಷರ:
ಎಂ. ಪಾಯ್ಸ್ ಆಂಡ್ ಸನ್.
ಮಗ ಬೋರ್ಡಿಗೆ ಏರಿದ ವರ್ಷ ಸಿಕ್ಕರೆ ಸಾಕಿತ್ತು.
ಇಗರ್ಜಿಯ ದಫ್ತರದಲ್ಲಿ ಪಾಯ್ಸನ ಮಕ್ಕಳು ಹನ್ನೊಂದು,
ಗಂಡು ಆರು.
ಕೆಳಗೆ ಪೆನ್ಸಿಲಿನಲ್ಲಿ ೨೧೧೪.
ಆ ಸಂಖ್ಯೆಯ ಲೆಡ್ಜರನ್ನು ಕಪಾಟಿನ ಸಮೇತ ಮಾರಿದರಂತೆ.
೨೧೧೪ರಲ್ಲಿ ಯಾರೋ ನೆಲಗಡಲೆ ತಿಂದಿರಬೇಕು.

ಪಕ್ಕದಲ್ಲಿ ನಿಂತವನ ಕೋಟಿನೊಳಗೆ ಬೆರಳುಗಳೇ ಮುಳುಗಿವೆ.
ಎರಡನೇ ಗುಂಡಿ ಇಲ್ಲ.
ಬೆಂದೂರಿನ ಇನ್ನೊಂದು ಮನೆಯ ಫೋಟೋದಲ್ಲೂ ಅದೇ ಕೋಟು,
ಅಲ್ಲಿಯೂ ಎರಡನೇ ಗುಂಡಿ ಇಲ್ಲ,
ಒಳಗೆ ಮಾತ್ರ ಬೇರೆ ಮನುಷ್ಯ.
ಹಾಗಾದರೆ ರವಿಕೆಯೂ ಸ್ಟುಡಿಯೋದ್ದೇ?
ಮೊಳೆಗೆ ನೇತುಬಿದ್ದ ಒಂದೇ ರವಿಕೆ
ಹದಿನೈದು ವರ್ಷ
ಬಂದವರ ಭುಜದಲ್ಲೆಲ್ಲ ಉಬ್ಬಿತೇ?

ಇಂಥ ಕೋಟು ನನಗೆ ಗೊತ್ತು.
ಅಪ್ಪ ಇಲ್ಲಿಂದ ಕಳಿಸಿದ ಮೊದಲ ಫೋಟೋ:
ಬೂದು ಕೋಟು, ಚುಕ್ಕಿ ಚುಕ್ಕಿ ಟೈ.
ಅಮ್ಮ ಅದನ್ನು ಕೇರಿಗೆಲ್ಲ ತೋರಿಸಿ ಬಂದಿದ್ದಳು.
ಅಪ್ಪ ಡ್ರೈಡಾಕಿನಲ್ಲಿ ಹಡಗಿನ ತುಕ್ಕು ಕೆರೆಯುತ್ತಿದ್ದರು.

ಗುಲೂಮರ ಸ್ಟುಡಿಯೋ ಮುಚ್ಚುತ್ತದೆಂದು ಕೇಳಿ
ಆ ಫೋಟೋ ಹಿಡಿದು ಹೋಗಿದ್ದೆ, ರಂಜಾನಿಗೆ ಮೊದಲು.
ಮಗಳು ಬದ್ರಿಯಾ ದಫ್ತರ ತೆರೆದು
ಬಲದಿಂದ ಎಡಕ್ಕೆ ಬೆರಳು ಓಡಿಸಿದಳು. ೪೪೭೧, ಸಿಕ್ಕಿತು.
ಆಗಸ್ಟ್ ಹನ್ನೊಂದು, ಎಪ್ಪತ್ತೆಂಟು.
ಹಿಂದಿ. ಕೋಟು. ಮೂರು ಪ್ರತಿ. ಹಣ ಸಂದಿದೆ.
ಹೆಸರು? ಎಂದೆ.
ಪುಟ ನನ್ನ ಕಡೆ ತಿರುಗಿಸಿದಳು.
ಮೇಲಿಂದ ಕೆಳಗೆ ಹಿಂದಿ, ಹಿಂದಿ, ಹಿಂದಿ,
ನಡುವೆ ಒಬ್ಬ ಮದುಮಗ.

ಕೋಟು ಇನ್ನೂ ಇದೆ, ಬೇಕಾ? ಅಂದಳು.
ಪ್ಲಾಸ್ಟಿಕ್ಕಿನಿಂದ ತೆಗೆದರೆ ನ್ಯಾಫ್ತಲೀನು, ಹಳೇ ಬೆವರು.
ಎದುರು ಭಾಗ ನೆಟ್ಟಗಿದೆ. ಬೆನ್ನಿನ ಉದ್ದಕ್ಕೂ
ಪಿನ್ನಿನ ತೂತುಗಳು,
ಬಡಕಲು ಮೈಗಳಿಗೆ ಹಿಂದಿನಿಂದ ಬಿಗಿದದ್ದು,
ಕ್ಯಾಮರಾ ಬಾರದ ಕಡೆ.
ಎಣಿಸತೊಡಗಿ, ಬಿಟ್ಟೆ.

ಈಗ ಮತ್ತೆ ಕುರ್ಚಿಯವಳನ್ನು ನೋಡುತ್ತೇನೆ.
ಉಸಿರು ಹಿಡಿದಿದ್ದಾಳೆ.
ಬೆನ್ನಿಗೆ ಏನೋ ಚುಚ್ಚುತ್ತಿರುವವರ ಹಾಗೆ ತುಸು ಮುಂದೆ ಬಂದಿದ್ದಾಳೆ.
ರಟ್ಟಿನ ಹಿಂದೆ ಪೆನ್ಸಿಲಿನಲ್ಲಿ, ಹಗುರಾಗಿ, ಬರೆದೆ:
೧೮೯೫ರಿಂದ ೧೯೧೦, ಸುಮಾರು.

ಇಲ್ಲಿ ಎಂಟು ಗಂಟೆ. ಬಿಜೈಯಲ್ಲಿ ಹತ್ತೂವರೆ.
ಫೋನು ಕೈಯಲ್ಲಿದೆ.
ನನಗಿಂತ ಎರಡೂವರೆ ಗಂಟೆ ಮುಂದಿರುವವರಿಗೆ
ಸುಮಾರು ಎಂಬ ಮಾತನ್ನು
ಯಾವ ದನಿಯಲ್ಲಿ ಹೇಳಲಿ?